ದೂರು: ಕಾರಿಗೆ ಕೂರಿಸಿದ ಹ್ಯಾಮ್ ಆಂಟೆನಾಗೆ ಅರ್ಥಿಂಗೇ ಇಲ್ಲ

ಗೆ,
ವ್ಯವಸ್ಥಾಪಕರು,
ಕಾರ್ ಆಕ್ಸೆಸರೀಸ್ ಮಳಿಗೆ, ಬೆಳಗಾವಿ

ವಿಷಯ: ಆಂಟೆನಾ ಫಿಟ್ಟಿಂಗ್ ಸರಿಪಡಿಸುವ ಬಗ್ಗೆ

ಮಾನ್ಯರೇ,

ಕಳೆದ ತಿಂಗಳು ನಿಮ್ಮಲ್ಲಿ ನನ್ನ ಕಾರಿಗೆ ಹ್ಯಾಮ್ ರೇಡಿಯೊ (ಹವ್ಯಾಸಿಗಳು ತಮ್ಮತಮ್ಮಲ್ಲಿ ಮಾತಾಡುವ ರೇಡಿಯೊ) ಆಂಟೆನಾ ಹಾಕಿಸಿದೆ. ಬಿಲ್ ಪ್ರತಿ ಜೊತೆಗಿದೆ. ಅವತ್ತಿನಿಂದ ಮೈಕಿನ ಗುಂಡಿ ಒತ್ತಲು ಹೆದರುವ ಹಾಗಾಗಿದೆ.

ಕಾರಿಗೆ ಸನ್‌ರೂಫ್ ಇದೆ. ಗಾಜಿಗೆ ಮ್ಯಾಗ್ನೆಟ್ ತಳದ ಆಂಟೆನಾ ಹಿಡಿಯುವುದಿಲ್ಲ. ಅದಕ್ಕೇ ಡಿಕ್ಕಿ ಬಾಗಿಲಿನ ಅಂಚಿಗೆ ಕಚ್ಚುವ ಬ್ರಾಕೆಟ್ ಆರಿಸಿದೆ. ಅದರ ಸಣ್ಣ ಸ್ಕ್ರೂಗಳು ಬಣ್ಣ ಕೊರೆದು ತಗಡಿಗೆ ತಾಗಬೇಕು. ಆಗಲೇ ಕಾರಿನ ಬಾಡಿ ಆಂಟೆನಾದ ಉಳಿದರ್ಧ ಕೆಲಸ ಮಾಡುತ್ತದೆ. ನಿಮ್ಮ ಹುಡುಗ "ಪೇಂಟ್ ಹೋಗ್ತದ್ರೀ ಸರ್" ಎಂದು ಸ್ಕ್ರೂಗಳ ಕೆಳಗೆ ರಬ್ಬರ್ ಪಟ್ಟಿ ಇಟ್ಟ. ಬೇಡ ಅಂದೆ. "ಎಲ್ಲಾರಿಗೂ ಹಿಂಗ ಹಾಕ್ತೀವ್ರೀ" ಅಂದ. ಆಮೇಲೆ ಎಲ್ಲ ಸರಿಯಿದೆ ಅಂತ ತೋರಿಸಲು ಸೆಟ್ಟಿನಲ್ಲಿ ಎಫ್‌ಎಂ ಹಾಡು ಹಚ್ಚಿದ! ಊರೊಳಗಿನ ಎಫ್‌ಎಂ ತುಂಡು ತಂತಿ ಸಿಕ್ಕಿಸಿದರೂ ಬರುತ್ತದೆ, ಅಲ್ವಾ?

145 ಮೆಗಾಹರ್ಟ್ಸ್‌ನಲ್ಲಿ ಎಸ್‌ಡಬ್ಲ್ಯುಆರ್ (ಆಂಟೆನಾ ಸೆಟ್ಟಿಗೆ ಎಷ್ಟು ಹೊಂದುತ್ತದೆ ಎಂಬ ಅಳತೆ; 1 ಅಂದರೆ ಪೂರ್ತಿ ಹೊಂದಿಕೆ) 3 ದಾಟುತ್ತಿದೆ. 1.5ರ ಒಳಗಿದ್ದರೆ ಚೆಂದ, 2ರವರೆಗೂ ಹೇಗೋ ನಡೆಯುತ್ತದೆ. 3 ಅಂದರೆ ಕಳಿಸಿದ ಪವರಿನಲ್ಲಿ ಕಾಲು ಭಾಗ ವಾಪಸ್ ಬರುತ್ತದೆ; ಸೆಟ್ಟಿಗೆ ಪೆಟ್ಟಾದೀತು ಅಂತಲೇ ಗುಂಡಿ ಒತ್ತಲು ಹೆದರಿಕೆ. ಕೇಬಲ್ಲನ್ನು ಸೆಟ್ಟಿನಿಂದ ಬಿಚ್ಚಿ, ಮಲ್ಟಿಮೀಟರಿನ ಒಂದು ಕಡ್ಡಿ ಬ್ರಾಕೆಟ್ಟಿಗೆ, ಇನ್ನೊಂದು ಡಿಕ್ಕಿಯ ಬೋಲ್ಟಿಗೆ ಹಿಡಿದೆ. ಬೀಪ್ ಇಲ್ಲ, ಅಂದರೆ ಬ್ರಾಕೆಟ್ ತಗಡಿಗೆ ತಾಗಿಯೇ ಇಲ್ಲ. ಫೋನಿನಲ್ಲಿ ನಿಮ್ಮವರು "ನಿಮ್ಮ ಸೆಟ್ಟೇ ಖರಾಬ್ ಇರಬೇಕು" ಅಂದರು. ಅದೇ ಸೆಟ್ಟು ಮನೆಯ ಮೇಲಿನ ಆಂಟೆನಾಗೆ ಕೊಟ್ಟರೆ ಚೆನ್ನಾಗಿ ಓಡುತ್ತಿದೆ.

ಇನ್ನೊಂದು ಮಾತು. ನಾನು ಕೇಳಿದ್ದು ಕ್ವಾರ್ಟರ್ ವೇವ್ (ತರಂಗದ ಉದ್ದದ ಕಾಲು ಭಾಗದಷ್ಟು) ಆಂಟೆನಾ, ಹೆಚ್ಚು ಕಡಿಮೆ ಅರ್ಧ ಮೀಟರ್ ಉದ್ದದ್ದು. ಚೋರ್ಲಾ ಘಾಟಿನಂಥ ಏರಿಳಿತದ ದಾರಿಗೆ ಅದೇ ಸಾಕು. ಉದ್ದ ಇದ್ದಷ್ಟೂ ಒಳ್ಳೇದು ಅಂತ ಹೇಳಿ ಮೀಟರ್‌ಗಿಂತ ಜಾಸ್ತಿ ಉದ್ದದ್ದನ್ನು ಹಾಕಿದ್ದೀರಿ. ಅದು ಪಾರ್ಕಿಂಗ್ ಚಾವಣಿಗೆ ಬಡಿಯುತ್ತದೆ, ಬ್ರಾಕೆಟ್ಟನ್ನೂ ಅಲುಗಾಡಿಸುತ್ತದೆ. ಕೇಬಲ್ ಬಾಗಿಲಿನ ಸಂದಿಯಲ್ಲಿ ಸಿಕ್ಕಿ ಚಪ್ಪಟೆಯಾಗಿದೆ. ಬೆಳಗಾವಿ ಮಳೆಗೆ ಅದರೊಳಗೆ ನೀರು ಇಳಿಯಲು ಎಷ್ಟು ಹೊತ್ತು?

ರಬ್ಬರ್ ತೆಗೆದು ಸ್ಕ್ರೂಗಳನ್ನು ತಗಡಿಗೆ ತಾಗಿಸಿ, ಆ ಜಾಗಕ್ಕೆ ತುಕ್ಕು ಹಿಡಿಯದಂತೆ ಗ್ರೀಸ್ ಹಚ್ಚಿ. ಕೇಬಲ್ ಹೊಸದು ಹಾಕಿ, ಆಂಟೆನಾ ಬದಲಿಸಿ ಕೊಡಿ. ಕೆಲಸ ಮುಗಿದ ಮೇಲೆ ನನ್ನೆದುರಿಗೇ ಎಸ್‌ಡಬ್ಲ್ಯುಆರ್ ನೋಡಬೇಕು. ಇದಕ್ಕೆಲ್ಲ ಮತ್ತೆ ದುಡ್ಡು ಕೊಡುವುದಿಲ್ಲ. ಆಗದಿದ್ದರೆ ಪೂರ್ತಿ ಹಣ ವಾಪಸ್ ಮಾಡಿ. 15 ದಿನದೊಳಗೆ ಉತ್ತರ ಬಾರದಿದ್ದರೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುತ್ತೇನೆ.

ಗಾಡಿ ಯಾವತ್ತು ತರಲಿ, ತಿಳಿಸಿ.

ಇಂತಿ,
ನಿಮ್ಮ ಗ್ರಾಹಕ,
ಟಿಳಕವಾಡಿ, ಬೆಳಗಾವಿ