ಎಣಿಸದೆ ಕೈದಾಟಿದ ‘ಕಿರೀಟ’

ಮಾನ್ಯರೇ,

ಸಾವಿರ ವರ್ಷ ಹಳೆಯ ಹೀಬ್ರೂ ಬೈಬಲ್ ಹಸ್ತಪ್ರತಿ ಅಲೆಪ್ಪೊ ಕೋಡೆಕ್ಸ್ ಯಾರಿಗೆ ಸೇರಬೇಕು ಎಂಬ ಜಗಳ ಆರು ದಶಕ ದಾಟಿದರೂ ತಣ್ಣಗಾಗಿಲ್ಲ. ಸಿರಿಯಾದಿಂದ ಚದುರಿಹೋದ ಅಲೆಪ್ಪೊ ಯಹೂದಿಗಳಿಗೋ, ಈಗ ಅದು ಇರುವ ಇಸ್ರೇಲಿಗೋ? ಗ್ರಂಥದ ಮೇಲೇ ಉತ್ತರವಿದೆ. ದೇವರಿಗೆ ಮೀಸಲು, ಮಾರಕೂಡದು, ಬಿಡಿಸಿಕೊಳ್ಳಕೂಡದು ಎಂದು ಅದರಲ್ಲಿ ಬರೆದಿಟ್ಟಿದ್ದಾರೆ. ಯಹೂದಿ ಧರ್ಮಶಾಸ್ತ್ರ ಇದನ್ನು ಹೆಕ್ದೇಶ್ ಎನ್ನುತ್ತದೆ, ನಮ್ಮ ಮಾತಿನಲ್ಲಿ ದತ್ತಿ. ಹಾಗಾಗಿ ಕೇಳಬೇಕಾದದ್ದು ಒಡೆಯ ಯಾರೆಂದಲ್ಲ, ಕಾಯುವವರು ಲೆಕ್ಕ ಇಟ್ಟರೇ ಎಂದು.

ಸುಮಾರು 930ರಲ್ಲಿ ಈಗಿನ ಇಸ್ರೇಲಿನ ತಿಬೇರಿಯಾದಲ್ಲಿ ಸಿದ್ಧವಾದ ಈ ಬೈಬಲ್ ಹಸ್ತಪ್ರತಿಗೆ ಸ್ವರಚಿಹ್ನೆ, ಅಂಚಿನ ಟಿಪ್ಪಣಿ ಹಾಕಿದವರು ವಿದ್ವಾಂಸ ಆರೋನ್ ಬೆನ್ ಆಶೇರ್. ಹೀಬ್ರೂವಿನಲ್ಲಿ ಇದರ ಹೆಸರು ಕೆತೆರ್, ಅಂದರೆ ಕಿರೀಟ. ಅಲೆಪ್ಪೊದ ಸಿನಗಾಗಿನಲ್ಲಿ, ಅಂದರೆ ಯಹೂದಿ ಪ್ರಾರ್ಥನಾ ಮಂದಿರದಲ್ಲಿ, ಇದ್ದದ್ದು ಎರಡು ಬೀಗದ ಕಬ್ಬಿಣದ ಪೆಟ್ಟಿಗೆಯಲ್ಲಿ. ಕೀಲಿಗಳು ಇಬ್ಬರು ಹಿರಿಯರ ಬಳಿ, ಒಬ್ಬರೇ ತೆಗೆಯುವಂತಿಲ್ಲ. ಅಷ್ಟು ಎಚ್ಚರವಿದ್ದವರು ಫೋಟೊ ತೆಗೆಯಲು ಮಾತ್ರ ಬಿಡಲಿಲ್ಲ. 1947ರ ಯಹೂದಿ ವಿರೋಧಿ ಗಲಭೆಯಲ್ಲಿ ಸಿನಗಾಗ್ ಸುಟ್ಟಾಗ ಹೋಲಿಸಿ ನೋಡಲು ಉಳಿದದ್ದು ಬೆರಳೆಣಿಕೆಯ ಪುಟಗಳ ಚಿತ್ರ.

ಗ್ರಂಥ ಹತ್ತು ವರ್ಷ ಅಲೆಪ್ಪೊದಲ್ಲೇ ಅಡಗಿದ್ದ ಮೇಲೆ 1957–58ರಲ್ಲಿ ಅಲ್ಲಿನ ಯಹೂದಿ ವ್ಯಾಪಾರಿ ಮುರಾದ್ ಫಹಾಮ್ ಅದನ್ನು ಟರ್ಕಿಯ ಮೂಲಕ ಇಸ್ರೇಲಿಗೆ ಸಾಗಿಸಿ ವಲಸೆ ಬರುವ ಯಹೂದಿಗಳನ್ನು ನೋಡಿಕೊಳ್ಳುವ ಸಂಸ್ಥೆಯಾದ ಯಹೂದಿ ಏಜೆನ್ಸಿಯ ಶ್ಲೊಮೊ ಶ್ರಗಾಯಿಗೆ ಕೊಟ್ಟರು. ಅಲೆಪ್ಪೊದವರು ತಮಗೆ ತಲುಪಬೇಕಿತ್ತೆಂದು ಜೆರುಸಲೆಮ್ಮಿನ ರಬ್ಬಿಗಳ (ಯಹೂದಿ ಧರ್ಮಗುರುಗಳ) ನ್ಯಾಯಾಲಯಕ್ಕೆ ಹೋದರು. ಕೊನೆಗೆ ರಾಜಿಯಾಗಿ, ಅಲೆಪ್ಪೊದವರೂ ಇರುವ ಟ್ರಸ್ಟ್ ಏರ್ಪಟ್ಟಿತು. ಸುಮಾರು 490 ಹಾಳೆಗಳಲ್ಲಿ ಈಗ ಇರುವುದು 295ರಷ್ಟು. ಬೈಬಲ್ಲಿನ ಮೊದಲ ಐದು ಪುಸ್ತಕಗಳಾದ ಪಂಚಗ್ರಂಥದಲ್ಲಿ ಉಳಿದಿರುವುದು ಧರ್ಮೋಪದೇಶಕಾಂಡದ 28ನೇ ಅಧ್ಯಾಯದಿಂದಾಚೆಗಿನದು ಮಾತ್ರ. ಮೂಲೆಗಳ ನೇರಳೆ ಕಲೆಯನ್ನು ಬೆಂಕಿಯ ಗುರುತು ಎಂದೇ ಬಹುಕಾಲ ನಂಬಿದ್ದರು. ಇಸ್ರೇಲ್ ಮ್ಯೂಸಿಯಮ್ಮಿನ ಪರೀಕ್ಷೆಯಲ್ಲಿ ಅದು ಬೂಷ್ಟು ಎಂದಾಯಿತು. ಹಾಗಾದರೆ ಹಾಳೆಗಳು ಹೋದದ್ದು ಅಲೆಪ್ಪೊದಲ್ಲೋ, ದಾರಿಯಲ್ಲೋ, ಜೆರುಸಲೆಮ್ಮಿನಲ್ಲೋ? ಮೂರು ವಾದವೂ ಜೀವಂತವಾಗಿವೆ. ಪ್ರತಿ ಬಾರಿ ಕೈದಾಟಿದಾಗಲೂ ಸಹಿಬಿದ್ದ ಎಣಿಕೆಪಟ್ಟಿ ಇದ್ದಿದ್ದರೆ ಇಷ್ಟು ಹೊತ್ತಿಗೆ ಗೊತ್ತಾಗುತ್ತಿತ್ತು.

ಆ ಪಟ್ಟಿ ಮಾಡುವುದು ಕಷ್ಟವಲ್ಲ. ಎಣಿಸಬೇಕಾದ್ದು ಪುಟವನ್ನಲ್ಲ, ಹಾಳೆಯನ್ನು. ಒಬ್ಬರು ಪುಟ, ಇನ್ನೊಬ್ಬರು ಹಾಳೆ ಎಣಿಸಿದರೆ ಲೆಕ್ಕ ಇಮ್ಮಡಿಯಾಗುತ್ತದೆ. ಮೂಲೆಯಲ್ಲಿ ಮೆತ್ತನೆಯ ಪೆನ್ಸಿಲ್ಲಿನಿಂದ ಸಂಖ್ಯೆ, ಶಾಯಿ ಬೇಡ. ಪ್ರತಿ ಹಾಳೆಯ ಮೊದಲ ಪದ, ಕೊನೆಯ ಪದ ಬರೆಯಬೇಕು. ಎಲ್ಲಿ ಪಠ್ಯ ತುಂಡಾಗಿದೆಯೋ ಅಲ್ಲಿ ಪಟ್ಟಿಯಲ್ಲೂ ಜಾಗ ಬಿಡಬೇಕು. ಇದ್ದ ಹಾಳೆಗಳಿಗೇ ಸಾಲಾಗಿ 1, 2, 3 ಎಂದು ಹಾಕಿದರೆ ಕಳೆದದ್ದು ಕಣ್ಣಿಗೇ ಬೀಳದು. ಈ ಗ್ರಂಥದಲ್ಲಿ ಪುಟಕ್ಕೆ ಸಾಮಾನ್ಯವಾಗಿ 3 ಅಂಕಣ, ಅಂಕಣಕ್ಕೆ 28 ಸಾಲು. ಹೀಗಾಗಿ ನಡುವೆ ಎಷ್ಟು ಹಾಳೆ ಇರಬೇಕಿತ್ತೆಂದು ಪಠ್ಯದ ಉದ್ದದಿಂದಲೇ ಅಂದಾಜಿಸಬಹುದು. ಎರಡೂ ಬದಿಯ ಫೋಟೊ, ಕೊಟ್ಟವರ, ಪಡೆದವರ ಸಹಿ, ಎರಡು ಪ್ರತಿ.

ವಿಮೋಚನಕಾಂಡದ ಒಂದು ತುಣುಕನ್ನು ಬ್ರೂಕ್ಲಿನ್‌ನಲ್ಲಿ ಒಬ್ಬರು ದಶಕಗಳ ಕಾಲ ಪರ್ಸಿನಲ್ಲಿ ತಾಯಿತದಂತೆ ಇಟ್ಟುಕೊಂಡಿದ್ದರು. ಅದು ಭಕ್ತಿ, ಕಳ್ಳತನವಲ್ಲ. ಅಂಥ ಮನೆಗಳು ಇನ್ನೂ ಇದ್ದರೆ ಮೊದಲು ಒಡೆತನದ ಪ್ರಶ್ನೆ ಎತ್ತಿ ಅವರನ್ನು ಹೆದರಿಸಬಾರದು. ತುಣುಕು ಅವರ ಬಳಿಯೇ ಇರಲಿ, ಎರಡೂ ಬದಿಯ ಸ್ಪಷ್ಟ ಚಿತ್ರ ಕೊಡಲಿ ಎಂದು ಟ್ರಸ್ಟ್ ಬಹಿರಂಗವಾಗಿ ಕೇಳಬೇಕು.