ಮೂರನೇ ಅಧ್ಯಾಯದ ಮುತ್ತು

ಪ್ರೀತಿಯ ತಂಗಿ,

ನಿನ್ನ ಕಾದಂಬರಿಯ ಎರಡನೇ ಭಾಗ ಓದಿ ಮುಗಿಸಿದೆ. ಹಾರುವ ಕೋಟೆ, ಮಾಂತ್ರಿಕರ ಒಳಜಗಳ ಎಲ್ಲ ಸೊಗಸಾಗಿವೆ. ನನ್ನ ತಕರಾರೆಲ್ಲ ಮೂರನೇ ಅಧ್ಯಾಯದ ಆ ಮುತ್ತಿನ ಮೇಲೆ.

ಮೊದಲ ಭಾಗದಲ್ಲಿ ರುದ್ರಸೇನ ನಿನ್ನ ನಾಯಕಿ ತಾರಿಣಿಯ ಊರಿಗೆ ಬೆಂಕಿ ಇಟ್ಟವನು. ಅವಳ ಅಣ್ಣ ಸತ್ತದ್ದು ಅದೇ ಬೆಂಕಿಯಲ್ಲಿ. ಇಲ್ಲಿ ನೋಡಿದರೆ ಮಳೆ ಸುರಿಯುತ್ತದೆ, ಇಬ್ಬರೂ ಒಂದೇ ಗುಹೆ ಸೇರುತ್ತಾರೆ, ಮುತ್ತಿಟ್ಟುಕೊಳ್ಳುತ್ತಾರೆ, ಅಣ್ಣನ ಸುದ್ದಿಯೇ ಇಲ್ಲ! ಓದುಗರಿಗೆ ಅವನು ಚೆನ್ನಾಗಿ ನೆನಪಿದ್ದಾನೆ ತಂಗಿ. ಹಗೆಯ ಕಾವು ಆರಿದ್ದು ನಿನಗೂ ಗೊತ್ತಾಗಿರಬೇಕು, ಅದಕ್ಕೇ ಮುಂದೆ ಯಾರೋ ಕದ್ದ ಪತ್ರ, ಅರೆಬರೆ ಕೇಳಿಸಿಕೊಂಡ ಮಾತು ತಂದು ಇಬ್ಬರನ್ನೂ ಮತ್ತೆ ಜಗಳಕ್ಕೆ ಹಚ್ಚಿದ್ದೀಯ. ಎದುರು ಕೂತು ನಾಲ್ಕು ಮಾತಾಡಿದರೆ ಬಗೆಹರಿಯುವ ಜಗಳವನ್ನು ಅಷ್ಟೊಂದು ಪುಟ ಓದುವ ತಾಳ್ಮೆ ನನಗಂತೂ ಇಲ್ಲ.

1813ರಲ್ಲಿ ಬಂದ ಜೇನ್ ಆಸ್ಟಿನ್ನಳ ‘ಪ್ರೈಡ್ ಅಂಡ್ ಪ್ರೆಜುಡೀಸ್’ ತೆಗೆದು ನೋಡು. ಒಟ್ಟು 61 ಅಧ್ಯಾಯ. ನಾಯಕ ಡಾರ್ಸಿ ನಾಯಕಿ ಎಲಿಜಬೆತ್ ಎದುರು ಮದುವೆಯ ಮಾತೆತ್ತುವುದು 34ರಲ್ಲಿ, ಅದೂ ಅವಳ ಮನೆಯವರನ್ನು ಹಂಗಿಸುತ್ತಾ. ಎಲಿಜಬೆತ್ ಮುಖಕ್ಕೆ ಹೊಡೆದ ಹಾಗೆ ಬೇಡ ಅನ್ನುತ್ತಾಳೆ. ಮರುದಿನ ಅವನ ಪತ್ರ ಕೈಗೆ ಬರುತ್ತದೆ. ಅದನ್ನೋದಿ ಅವಳು ಕರಗಿಬಿಡುವುದಿಲ್ಲ, ತಾನು ಅವನನ್ನು ಅಳೆದ ರೀತಿಗೆ ನಾಚಿಕೊಳ್ಳುತ್ತಾಳೆ, ಅಷ್ಟೆ. ಒಲವು ಒಪ್ಪಿಕೊಳ್ಳಲು ಇನ್ನೂ ಎಷ್ಟೋ ಅಧ್ಯಾಯ ಹೋಗಬೇಕು. ಅಷ್ಟರಲ್ಲಿ ಅವನ ಬಗ್ಗೆ ಅವಳಿಗಿದ್ದ ಒಂದೊಂದೇ ತೀರ್ಮಾನ ಕಳಚಿ ಬೀಳುತ್ತದೆ. ಡ್ರ್ಯಾಗನ್ ಒಂದೂ ಇಲ್ಲದೆ ಓದಿಸಿಕೊಂಡು ಹೋಗುತ್ತದೆ, ನೋಡು.

ಗುಹೆ ಇರಲಿ, ಮುತ್ತು ತೆಗೆ. ರುದ್ರಸೇನನ ತೋಳಿಗೆ ಗಾಯವಾಗಿದೆಯಲ್ಲ, ಬಟ್ಟೆ ಕಟ್ಟಬೇಕಾದರೆ ತಾರಿಣಿ ಕತ್ತಿ ಕೆಳಗಿಡಲೇಬೇಕು. ಎಲ್ಲಿಡುತ್ತಾಳೆ? ಈಗ ಅವನ ಕೈಗೆ ಎಟುಕದಷ್ಟು ದೂರ. ಹತ್ತಾರು ಅಧ್ಯಾಯ ಕಳೆದ ಮೇಲೆ ಮತ್ತೊಮ್ಮೆ ಗಾಯ ಕಟ್ಟುವಾಗ ಮೈಮರೆತು ಅವನ ಪಕ್ಕದಲ್ಲೇ ಇಟ್ಟಿರಲಿ. ಅವನು ಅದನ್ನು ನೋಡಲಿ, ಮುಟ್ಟದಿರಲಿ. ಅವಳಿಗೆ ಅದು ಹೊಳೆಯುವುದು ಗಂಟು ಬಿಗಿದಾದ ಮೇಲೆ. ಮುತ್ತು ಬೇಕೇ ಬೇಕೆಂದರೆ ಅಲ್ಲಿಂದಾಚೆ ಯೋಚಿಸು.

ಇನ್ನೊಂದು. ಯುದ್ಧಕ್ಕೊಂದು ಅಧ್ಯಾಯ, ಪ್ರೇಮಕ್ಕೊಂದು ಅಧ್ಯಾಯ ಎಂದು ಪಾಳಿ ಹಾಕಿದ್ದೀಯ. ಹಾಗಾಗಿ ಒಂದು ಓಡುವಾಗ ಇನ್ನೊಂದು ಸುಮ್ಮನೆ ನಿಂತಿರುತ್ತದೆ. ಮುತ್ತಿಗೆಯ ರಾತ್ರಿ ಊರಿನ ಜನ ತಪ್ಪಿಸಿಕೊಳ್ಳಲೆಂದು ರುದ್ರಸೇನನೇ ಹಿಂಬಾಗಿಲು ತೆಗೆದರೆ ಹೇಗೆ? ರಾಜನಿಗೆ ಕೊಟ್ಟ ಭಾಷೆ ಮುರಿಯುತ್ತದೆ, ಅವನ ಸೈನಿಕರ ತಲೆ ಹೋಗುತ್ತದೆ, ತಾರಿಣಿಗೆ ಅವನನ್ನು ದ್ವೇಷಿಸುವುದು ಕಷ್ಟವಾಗುತ್ತದೆ. ಆಗ ಅವರ ನಡುವೆ ಬರುವ ಜಗಳಕ್ಕೆ ಕದ್ದ ಪತ್ರ ಬೇಕಾಗುವುದಿಲ್ಲ.

ಬೆಂಕಿ ಇಟ್ಟದ್ದಕ್ಕೆ ಅವನು ಬಾಯಿಬಿಟ್ಟು ಕ್ಷಮೆ ಕೇಳಬೇಕು, ಸತ್ತವನ ಹೆಸರು ಹಿಡಿದು. ಅವಳು ಕ್ಷಮಿಸದೆ ಎದ್ದುಹೋದರೂ ಸರಿಯೇ.

ಮೂರರಿಂದ ಒಂಬತ್ತರವರೆಗಿನ ಅಧ್ಯಾಯ ತಿದ್ದಿ ಕಳಿಸು. ಯುದ್ಧದ ನಕ್ಷೆ ಮತ್ತೆ ಕಳಿಸಬೇಡ, ಅದು ಸರಿಯಾಗಿಯೇ ಇದೆ.

ನಿನ್ನ ಅಕ್ಕ