ಹಾಲ್‌ಹೆಡ್‌ನ ಎರಡು ಪುಸ್ತಕಗಳು

ಅನುವಾದದಲ್ಲಿ ಆಸಕ್ತಿ ಇರುವ ನಮ್ಮ ಓದುಗರು ನಥಾನಿಯಲ್ ಬ್ರಾಸಿ ಹಾಲ್‌ಹೆಡ್‌ನ ಎರಡು ಪುಸ್ತಕಗಳನ್ನು ಜೊತೆಯಲ್ಲಿಟ್ಟು ನೋಡಬೇಕು. 1751ರಲ್ಲಿ ಲಂಡನ್ನಿನ ಸಿರಿವಂತ ವರ್ತಕ ಮನೆತನದಲ್ಲಿ ಹುಟ್ಟಿದವನು. ತಂದೆ ಬ್ಯಾಂಕ್ ಆಫ್ ಇಂಗ್ಲೆಂಡಿನ ನಿರ್ದೇಶಕ. ಹ್ಯಾರೋ, ಆಕ್ಸ್‌ಫರ್ಡ್‌ಗಳಲ್ಲಿ ಓದಿ, ಮುಂದೆ ನಾಟಕಕಾರನಾಗಿ ಹೆಸರಾದ ಗೆಳೆಯ ಶೆರಿಡನ್ ಜೊತೆ ಗ್ರೀಕಿನ ಪ್ರೇಮಪತ್ರಗಳನ್ನು ಇಂಗ್ಲಿಷ್ ಪದ್ಯಕ್ಕೆ ತಂದು, ಈಸ್ಟ್ ಇಂಡಿಯಾ ಕಂಪನಿಯ ನೌಕರಿಗೆ ಬಂಗಾಳ ಸೇರಿದ.

ಮೊದಲನೆಯದು 1776ರಲ್ಲಿ ಅಚ್ಚಾದ ಹಿಂದೂ ಕಾನೂನಿನ ಸಂಹಿತೆ. ನ್ಯಾಯಾಲಯಗಳ ಬಳಕೆಗೆಂದು ಬಂಗಾಳದ ಗವರ್ನರ್ ವಾರೆನ್ ಹೇಸ್ಟಿಂಗ್ಸ್ 11 ಮಂದಿ ಪಂಡಿತರನ್ನು ಕೂಡಿಸಿ ಸಂಸ್ಕೃತದಲ್ಲಿ ‘ವಿವಾದಾರ್ಣವಸೇತು’ವನ್ನು ಬರೆಸಿದ. ಅದರ ಅರ್ಥವನ್ನು ಪಂಡಿತರು ಬಂಗಾಳಿಯಲ್ಲಿ ಬಾಯಿಮಾತಿನಲ್ಲಿ ಬಿಡಿಸಿ ಹೇಳಿದರು, ಪಾರಸಿ ಬಲ್ಲ ಬರಹಗಾರನಾದ ಮುನ್ಷಿ ಅದನ್ನು ಆ ಭಾಷೆಯಲ್ಲಿ ಬರೆದುಕೊಂಡ, ಹಾಲ್‌ಹೆಡ್ ಪಾರಸಿಯನ್ನು ಇಂಗ್ಲಿಷ್ ಮಾಡಿದ. ಕೆಟ್ಟದ್ದು ನಡುವಿನ ಹಂತದಲ್ಲಿ. ಇಂಗ್ಲಿಷ್ ಪಾರಸಿಗೆ ನಿಷ್ಠವಾಗಿಯೇ ಇದೆ, ಪಾರಸಿಯೇ ಮೂಲದ ಸಡಿಲ ಸಂಗ್ರಹ ಎಂಬುದು ಕಲ್ಕತ್ತೆಯ ನ್ಯಾಯಾಧೀಶನೂ ಸಂಸ್ಕೃತ ವಿದ್ವಾಂಸನೂ ಆದ ವಿಲಿಯಂ ಜೋನ್ಸ್‌ನ ಆಕ್ಷೇಪ. ಸಂಸ್ಕೃತ ಬಾರದ ಹಾಲ್‌ಹೆಡ್‌ಗೆ ಮೂಲದೊಡನೆ ತಾಳೆ ನೋಡುವ ದಾರಿ ಇರಲಿಲ್ಲ. ಕಡೆಗೆ ಜೋನ್ಸ್ ಪಂಡಿತ ಜಗನ್ನಾಥ ತರ್ಕಪಂಚಾನನರಿಂದ ಹೊಸ ಸಂಗ್ರಹವನ್ನೇ ಬರೆಸಬೇಕಾಯಿತು. ಅದನ್ನು ಕಂಪನಿಯ ನೌಕರ, ಸಂಸ್ಕೃತ ವಿದ್ವಾಂಸ ಕೋಲ್‌ಬ್ರೂಕ್ ನೇರ ಸಂಸ್ಕೃತದಿಂದ ಅನುವಾದಿಸಿದ.

ಎರಡನೆಯದು 1778ರ ಬಂಗಾಳಿ ವ್ಯಾಕರಣ. ನಮ್ಮ ಮಟ್ಟಿಗೆ ಅವನ ದೊಡ್ಡ ಕೆಲಸ ಇದೇ, ಏಕೆಂದರೆ ಇಲ್ಲಿ ಭಾಷೆ ನೇರವಾಗಿ ಕಣ್ಣೆದುರಿಗಿತ್ತು. ಉದಾಹರಣೆಗಳನ್ನು ತಾನೇ ಹೊಸೆಯದೆ ಕಾಶೀರಾಮ ದಾಸನ ಮಹಾಭಾರತದಂಥ ಕಾವ್ಯಗಳಿಂದ ಆರಿಸಿದ, ಅವನ್ನು ಬಂಗಾಳಿ ಲಿಪಿಯಲ್ಲೇ ಅಚ್ಚು ಮಾಡಿಸಿದ. ಅದಕ್ಕೆ ಬೇಕಾದ ಅಚ್ಚುಮೊಳೆಗಳು, ಅಂದರೆ ಲೋಹದ ಬಿಡಿ ಅಕ್ಷರಗಳು, ಆಗ ಇರಲಿಲ್ಲ. ಉಕ್ಕಿನ ಕಡ್ಡಿಯ ತುದಿಯಲ್ಲಿ ಅಕ್ಷರವನ್ನು ತಿರುಗುಮುರುಗಾಗಿ ಕೊರೆಯಬೇಕು, ಅದನ್ನು ತಾಮ್ರಕ್ಕೆ ಹೊಡೆದು ಪಡಿಯಚ್ಚು ಮಾಡಬೇಕು, ಆಮೇಲೆ ಸೀಸದ ಮಿಶ್ರಲೋಹ ಸುರಿದು ಮೊಳೆ ಎರೆಯಬೇಕು. ನಮ್ಮ ಲಿಪಿಗಳಲ್ಲಿ ಗುಣಿತ, ಒತ್ತಕ್ಷರಗಳೆಲ್ಲ ಇರುವುದರಿಂದ ಇಂಗ್ಲಿಷಿನ 26 ಅಕ್ಷರಗಳ ಲೆಕ್ಕ ಇಲ್ಲಿ ಸಾಲದು. ಕಂಪನಿಯ ಇನ್ನೊಬ್ಬ ನೌಕರ ಚಾರ್ಲ್ಸ್ ವಿಲ್ಕಿನ್ಸ್ ಈ ಕೆಲಸ ಹೊತ್ತುಕೊಂಡ. ಕೈಜೋಡಿಸಿದವನು ಕಮ್ಮಾರ ಪಂಚಾನನ ಕರ್ಮಕಾರ. ಹೂಗ್ಲಿಯಲ್ಲಿ ಪುಸ್ತಕ ಅಚ್ಚಾಯಿತು.

ಮುನ್ನುಡಿಯಲ್ಲಿ ಹಾಲ್‌ಹೆಡ್, ಸಂಸ್ಕೃತದ ಪದಗಳು ಪಾರಸಿ, ಲ್ಯಾಟಿನ್, ಗ್ರೀಕ್ ಪದಗಳನ್ನು ಹೋಲುವುದನ್ನು ಗುರುತಿಸಿದ್ದಾನೆ. ಈ ಭಾಷೆಗಳ ನಂಟಿನ ವಿಚಾರದಲ್ಲಿ ಜೋನ್ಸ್‌ನ ಹೆಸರು ಮೆರೆಯುವುದು ಅದನ್ನೇ ಕುರಿತ ಅವನ 1786ರ ಭಾಷಣದಿಂದ, ಅಂದರೆ ಎಂಟು ವರ್ಷ ತಡವಾಗಿ.

ಹಾಲ್‌ಹೆಡ್ ಮುಂದೆ ಪಾರ್ಲಿಮೆಂಟ್ ಸದಸ್ಯನಾದ. ತನ್ನನ್ನು ಪ್ರವಾದಿ ಎಂದುಕೊಂಡ ರಿಚರ್ಡ್ ಬ್ರದರ್ಸ್‌ನ ಪರವಾಗಿ 1795ರಲ್ಲಿ ಸದನದಲ್ಲೇ ವಾದಿಸಿ ಸಾರ್ವಜನಿಕ ಜೀವನ ಕಳೆದುಕೊಂಡ, ತೀರಿಕೊಂಡದ್ದು 1830ರಲ್ಲಿ. ಪಂಚಾನನ ಮಾತ್ರ ಶ್ರೀರಾಮಪುರದ ಮಿಷನ್ ಅಚ್ಚುಮನೆ ಸೇರಿ, ತನ್ನ ವಿದ್ಯೆಯನ್ನು ಅಳಿಯ ಮನೋಹರನಿಗೆ ಕಲಿಸಿದ. ಅಲ್ಲಿನ ಮಿಷನರಿ ವಿಲಿಯಂ ಕೇರಿಯ ಕನ್ನಡ ವ್ಯಾಕರಣ 1817ರಲ್ಲಿ ಅಚ್ಚಾದದ್ದು ಅದೇ ಅಚ್ಚುಮನೆಯಲ್ಲಿ.